ಒಲುಮೆಯ ಲಕ್ಷಣವೂ ತವರಿನ ದಾರಿಯೂ

ಲಕ್ಷಣವೆಂಬುದು ಮೂರು ದೋಷಗಳಿಂದ ಮುಕ್ತವಾಗಿರಬೇಕೆಂದು ತರ್ಕಶಾಸ್ತ್ರವು ವಿಧಿಸುವುದು. ಹಸುವಿನ ಲಕ್ಷಣವೇನೆಂದು ಕೇಳಿದಾಗ ಕಪಿಲವರ್ಣವೆಂದವನು ಅವ್ಯಾಪ್ತಿಯಲ್ಲಿ ಬೀಳುವನು, ಬಿಳಿಯ ಹಸುವೂ ಹಸುವೇ ಆದುದರಿಂದ. ಕೊಂಬೆಂದವನು ಅತಿವ್ಯಾಪ್ತಿಯಲ್ಲಿ ಬೀಳುವನು, ಎಮ್ಮೆಗೂ ಕೊಂಬಿರುವುದರಿಂದ. ಒಂಟಿ ಗೊರಸೆಂದವನ ಮಾತು ಅಸಂಭವ, ಅಂತಹ ಹಸು ಎಲ್ಲಿಯೂ ಇಲ್ಲದುದರಿಂದ. ಕೊರಳ ಕೆಳಗೆ ಜೋಲುವ ಗಂಗೆದೊಗಲೇ ಹಸುವಿನ ಲಕ್ಷಣವೆಂದು ಪಾಠಶಾಲೆಯಲ್ಲಿ ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದಿದ ಹುಡುಗನೂ ಹೇಳಬಲ್ಲನು. ಪ್ರೇಮಕ್ಕೆ ಇಂತಹ ಗಂಗೆದೊಗಲು ಯಾವುದು? ಕಾವ್ಯವನ್ನು ಓದುವವರೂ ಶಾಸ್ತ್ರವನ್ನು ಓದುವವರೂ, ಒಂದನ್ನೂ ಓದದೆ ಸಂಸಾರ ಮಾಡುವವರೂ ಈ ಪ್ರಶ್ನೆಯನ್ನು ಒಂದಲ್ಲ ಒಂದು ದಿನ ಎದುರಿಸಿಯೇ ಇರುವರು.

ವಿಶ್ವನಾಥನ ಸಾಹಿತ್ಯದರ್ಪಣವು ರತಿಯನ್ನು ಮನಸ್ಸಿಗೆ ಅನುಕೂಲವಾದ ವಸ್ತುವಿನ ಕಡೆಗೆ ಮನಸ್ಸು ಒಲೆಯುವುದೆಂದು ವಿವರಿಸುವುದು. ಮಾಗಿದ ಮಾವಿನ ಹಣ್ಣಿನ ಕಡೆಗೂ ಮನಸ್ಸು ಹೀಗೆಯೇ ಒಲೆಯುವುದಷ್ಟೆ! ಅಲ್ಲಿ ಅತಿವ್ಯಾಪ್ತಿ. ಮಮ್ಮಟನು ಗಂಡುಹೆಣ್ಣುಗಳ ರತಿಯನ್ನು ಮಾತ್ರ ರಸಪದವಿಗೆ ಏರಿಸಿ, ದೇವರಲ್ಲಿಯೋ ಮಗುವಿನಲ್ಲಿಯೋ ಇರುವ ರತಿಯನ್ನು ಬರಿಯ ಭಾವವೆಂದು ಬಾಗಿಲಾಚೆ ನಿಲ್ಲಿಸುವನು. ತಾಯಿಯಾದವಳು ಇದನ್ನು ಕೇಳಿದರೆ ನಕ್ಕಾಳು; ಇಲ್ಲಿ ಅವ್ಯಾಪ್ತಿ. ಯಾಜ್ಞವಲ್ಕ್ಯನು ಮೈತ್ರೇಯಿಗೆ ಹೇಳಿದ ಮಾತು ಇವೆಲ್ಲಕ್ಕಿಂತ ಗಂಭೀರವಾದುದು: ಹೆಂಡತಿ, ಮಕ್ಕಳು, ಸಂಪತ್ತು ಯಾವುದೂ ತನಗಾಗಿ ಪ್ರಿಯವಲ್ಲ, ಆತ್ಮನಿಗಾಗಿ ಪ್ರಿಯವೆಂದು ಆತನ ಉಪದೇಶ. ಆದರೆ ಆ ಉಪದೇಶದ ಸಮಯವನ್ನು ಮರೆಯಬಾರದು. ಋಷಿಯು ಮನೆಯನ್ನು ಬಿಟ್ಟು ಹೊರಡುತ್ತಿದ್ದನು, ಇಬ್ಬರು ಹೆಂಡಿರಿಗೆ ಪಾಲು ಮಾಡಿಕೊಡುವೆನೆಂದು ಹೇಳುತ್ತಿದ್ದನು. ಹೊರಡುವವನ ಬಾಯಲ್ಲಿ ಪ್ರೇಮದ ಲಕ್ಷಣವು ಹೊರಡುವುದಕ್ಕೆ ಅನುಕೂಲವಾದ ರೂಪವನ್ನೇ ತಾಳುವುದು ಸಹಜ. ನಾರದನ ಭಕ್ತಿಸೂತ್ರವು ಪ್ರೇಮವನ್ನು ಮೂಕನು ಸವಿದ ರುಚಿಗೆ ಹೋಲಿಸಿ ಕೈಬಿಟ್ಟಿತು. ರೂಪಗೋಸ್ವಾಮಿಯು ಮಾತ್ರ ಕೈಬಿಡದೆ, ಕಬ್ಬು, ಹಾಲು, ಬೆಲ್ಲ, ಸಕ್ಕರೆ, ಕಲ್ಲುಸಕ್ಕರೆ ಎಂಬಂತೆ ಪ್ರೇಮವು ಸ್ನೇಹ, ಮಾನ, ಪ್ರಣಯ, ರಾಗ, ಅನುರಾಗಗಳಾಗಿ ಗಟ್ಟಿಗೊಳ್ಳುವ ಕ್ರಮವನ್ನು ಉಜ್ಜ್ವಲನೀಲಮಣಿಯಲ್ಲಿ ತೋರಿಸಿರುವನು. ಆಲೆಮನೆಯನ್ನು ಕಂಡವರಿಗೆ ಈ ಉಪಮೆಯು ಬಹು ರುಚಿಸುವುದು. ಕಬ್ಬು ಬೆಲ್ಲವಾಗುವ ಬಗೆಯೇನೋ ತಿಳಿಯಿತು, ಕಬ್ಬೆಂದರೇನೆಂಬುದು ಮಾತ್ರ ಹಾಗೆಯೇ ಉಳಿಯಿತು.

ಸಂಸ್ಕೃತದಲ್ಲಿ ಸಹೃದಯರೆಲ್ಲರೂ ಒಪ್ಪಿ ತಲೆದೂಗುವ ಲಕ್ಷಣವನ್ನು ಕೊಟ್ಟವನು ಭವಭೂತಿ. ಸುಖದಲ್ಲಿಯೂ ದುಃಖದಲ್ಲಿಯೂ ಎರಡಾಗದಿರುವುದು, ಹೃದಯಕ್ಕೆ ವಿಶ್ರಾಂತಿಯ ನೆಲೆಯಾಗಿರುವುದು, ಮುಪ್ಪಿಗೂ ರಸಗೆಡದಿರುವುದು, ಕಾಲವು ಮರೆಗಳನ್ನು ಒಂದೊಂದಾಗಿ ಕಳಚಿದ ಮೇಲೆ ಸಾರವಾಗಿ ನಿಲ್ಲುವುದು ಎಂದು ಉತ್ತರರಾಮಚರಿತೆಯ ಮೊದಲನೆಯ ಅಂಕದಲ್ಲಿ ರಾಮನು ದಾಂಪತ್ಯಪ್ರೇಮವನ್ನು ಬಣ್ಣಿಸುವನು. ಈ ಲಕ್ಷಣದಲ್ಲಿ ತಾರ್ಕಿಕನಿಗೆ ದೋಷ ಸಿಕ್ಕುವುದು ಕಷ್ಟ. ದೋಷವಿರುವುದು ಪದ್ಯದಲ್ಲಲ್ಲ, ಪದ್ಯದ ಸುತ್ತಲಿನ ಸನ್ನಿವೇಶದಲ್ಲಿ. ಈ ಮಾತನ್ನು ರಾಮನು ಆಡುವಾಗ ಸೀತೆಯು ಅವನ ತೋಳಿನ ಮೇಲೆ ತಲೆಯಿಟ್ಟು ನಿದ್ರಿಸುತ್ತಿರುವಳು. ತನ್ನನ್ನು ಕುರಿತು ಗಂಡನು ಕೊಟ್ಟ ಆ ಮಹೋನ್ನತವಾದ ಲಕ್ಷಣವನ್ನು ಆಕೆ ಕೇಳಲಿಲ್ಲ. ಮರುಕ್ಷಣದಲ್ಲಿಯೇ ದುರ್ಮುಖನು ಪ್ರವೇಶಿಸಿ ಲೋಕಾಪವಾದವನ್ನು ಕಿವಿಯಲ್ಲಿ ಹೇಳುವನು. ರಾಮನು ತನ್ನ ತೋಳನ್ನು ಮೆಲ್ಲನೆ ಬಿಡಿಸಿಕೊಂಡು ತುಂಬಿದ ಬಸುರಿಯನ್ನು ಕಾಡಿಗೆ ಕಳುಹಿಸುವ ಆಜ್ಞೆಯನ್ನು ಕೊಡುವನು. ಭವಭೂತಿಯಂತಹ ಕವಿಯು ಈ ಎರಡು ಘಟನೆಗಳನ್ನು ಬೆನ್ನುಬೆನ್ನಿಗೆ ಇಟ್ಟುದು ಆಕಸ್ಮಿಕವಾಗಿರಲಾರದು. ಆ ಪದ್ಯವನ್ನು ಸನ್ನಿವೇಶದಿಂದ ಕಿತ್ತು ಮದುವೆಯ ಆಮಂತ್ರಣಪತ್ರಿಕೆಗಳ ನೆತ್ತಿಯಲ್ಲಿ ಅಚ್ಚು ಹಾಕಿಸುವವರು ಈ ವಿಷಯವನ್ನು ಮರೆಯುವರೆಂಬುದಂತೂ ನಿಶ್ಚಯ.

ಅದೇ ಅಂಕದ ಇನ್ನೊಂದು ವಿವರದ ಕಡೆಗೂ ಇಲ್ಲಿ ಗಮನವನ್ನು ಸೆಳೆಯಬೇಕಾಗಿದೆ. ನಾಟಕವು ತೊಡಗುವಾಗ ಸೀತೆ ಖಿನ್ನಳಾಗಿರುವಳು. ಅಯೋಧ್ಯೆಗೆ ಬಂದಿದ್ದ ತಂದೆ ಜನಕನು ಆಗಷ್ಟೇ ಮಿಥಿಲೆಗೆ ಹಿಂದಿರುಗಿರುವನು. ಅವಳನ್ನು ಸಮಾಧಾನಪಡಿಸುವುದಕ್ಕಾಗಿಯೇ ರಾಮನು ಅಂತಃಪುರಕ್ಕೆ ಬರುವುದು. ತವರಿನವರು ಬಂದು ಹೋದ ಮೇಲೆ ಮನೆಯಲ್ಲಿ ಕವಿಯುವ ಆ ಮೌನವನ್ನು ಕನ್ನಡದ ಓದುಗರಿಗೆ ವಿವರಿಸಬೇಕಾದುದಿಲ್ಲ. ಆಲಂಕಾರಿಕರು ಅದಕ್ಕೆ ಹೆಸರಿಡಲಿಲ್ಲ. ಅದು ಅವರ ರತಿಯ ಲೆಕ್ಕಕ್ಕೆ ಬರಲಿಲ್ಲ. ಮುಂದೆ ಕನ್ನಡದಲ್ಲಿ ಈ ಹೆಸರಿಲ್ಲದ ಭಾವವೇ ಪ್ರೇಮಕಾವ್ಯದ ಬೆನ್ನೆಲುಬಾಗಿ ಬಂದಿತೆಂಬುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಅದಕ್ಕೆ ಮೊದಲು ಜನ್ನನನ್ನು ದಾಟಿ ಹೋಗುವಂತಿಲ್ಲ. ಕ್ರಿ. ಶ. ೧೨೦೯ರಲ್ಲಿ ರಚಿತವಾದ ಯಶೋಧರಚರಿತೆಯ ಅಮೃತಮತಿಯು ಅರಮನೆಯ ಹಾಸುಗೆಯಲ್ಲಿ ಮಲಗಿದ್ದು, ಆನೆಯ ಲಾಯದಿಂದ ತೇಲಿಬಂದ ಹಾಡೊಂದಕ್ಕೆ ಮನಸೋಲುವಳು. ಹಾಡಿದವನು ಅಷ್ಟಾವಂಕನೆಂಬ ಮಾವಟಿಗ. ನೋಡಿಬರಲು ಹೋದ ಕೆಳದಿಯು ಅವನ ವಿಕಾರವನ್ನು ಅಡಿಯಿಂದ ಮುಡಿಯವರೆಗೆ ವರ್ಣಿಸಿ ಹೇಸಿಗೆ ಪಡುವಳು. ಅಮೃತಮತಿಯಾದರೋ ರೂಪವನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಅವನೇ ತನ್ನ ಪಾಲಿನ ದೈವವೆಂಬಂತೆ ಮಾತನಾಡುವಳು. ಪ್ರೀತಿಯು ಹೊರಗಿನ ಕಾರಣಗಳನ್ನು ಆಶ್ರಯಿಸುವುದಿಲ್ಲ, ಒಳಗಿನ ಯಾವುದೋ ಹೇತು ವಸ್ತುಗಳನ್ನು ಬೆಸೆಯುವುದು ಎಂದು ಭವಭೂತಿಯೇ ಇನ್ನೊಂದೆಡೆ ಹೇಳಿರುವನು. ಆ ಮಾತಿಗೆ ಅಮೃತಮತಿಗಿಂತ ಒಪ್ಪುವ ಉದಾಹರಣೆಯು ಭಾರತೀಯ ಸಾಹಿತ್ಯದಲ್ಲಿ ವಿರಳ. ಸೂರ್ಯನಿಗೆ ತಾವರೆಯು ಅರಳುವುದನ್ನು ಮೆಚ್ಚುವವರು ಮಾವಟಿಗನಿಗೆ ರಾಣಿಯು ಅರಳಿದುದನ್ನು ಮಾತ್ರ ಏಕೆ ಒಪ್ಪಲಾರರು? ಆಲಂಕಾರಿಕರ ಬಳಿ ಇದಕ್ಕೆ ಸಿದ್ಧವಾದ ಉತ್ತರವಿದೆ: ಅನುಚಿತಪಾತ್ರದಲ್ಲಿ ನಿಂತ ರತಿಯು ರಸವಲ್ಲ, ರಸಾಭಾಸ. ಲಕ್ಷಣಕ್ಕೆ ಒಗ್ಗದ ವಸ್ತುವನ್ನು ಆಭಾಸವೆಂದು ಕರೆದು ಲಕ್ಷಣವನ್ನು ಉಳಿಸಿಕೊಳ್ಳುವ ಈ ಉಪಾಯವು ನ್ಯಾಯಶಾಲೆಯಲ್ಲಿ ನಡೆಯಲಾರದು. ಎಮ್ಮೆಗೆ ಕೊಂಬಿರುವುದನ್ನು ಕಂಡು, ಅದು ಕೊಂಬಿನ ಆಭಾಸವೆಂದರೆ ಯಾರು ಒಪ್ಪುವರು?

ಜನ್ನನು ಜೈನಕವಿ, ಸಂಕಲ್ಪಹಿಂಸೆಯ ಫಲವನ್ನು ಜನ್ಮಾಂತರಗಳಲ್ಲಿ ತೋರಿಸುವುದು ಅವನ ಹೊಣೆ. ಆ ಹೊಣೆಯನ್ನು ಹೊತ್ತುಕೊಂಡೇ ಅಮೃತಮತಿಗೆ ಅವನು ಮಾತನಾಡಲು ಎಡೆಗೊಟ್ಟುದು ಅವನ ಹಿರಿಮೆ. ಆಕೆ ಗಂಡನಿಗೂ ಅತ್ತೆಗೂ ವಿಷವಿಡುವ ಭಾಗದಲ್ಲಿ ಕಥೆಯು ಧರ್ಮೋಪದೇಶದ ಕೈಗೆ ಹೋಗುವುದೆಂಬುದು ನಿಜ. ಆ ರಾತ್ರಿಯ ದೃಶ್ಯವಾದರೋ ಪೂರ್ತಿಯಾಗಿ ಕವಿಯದು. ತಡವಾಗಿ ಬಂದಳೆಂದು ಮಾವಟಿಗನು ಅವಳನ್ನು ಹೊಡೆಯುವನು, ಅವಳು ಸಹಿಸುವಳು, ಹಿಂಬಾಲಿಸಿ ಬಂದ ಅರಸನು ಮರೆಯಲ್ಲಿ ನಿಂತು ಕತ್ತಿಯನ್ನೆತ್ತಿ ತಡೆದುಕೊಳ್ಳುವನು. ಮೂವರಲ್ಲಿ ಯಾರೊಬ್ಬರೂ ಆ ರಾತ್ರಿ ಸ್ವತಂತ್ರರಲ್ಲ. ಅಮೃತಮತಿಯು ಹೊಸ್ತಿಲನ್ನು ದಾಟಿದುದು ಕತ್ತಲಲ್ಲಿ, ಬೆಳಕಾಗುವುದರೊಳಗೆ ಹಿಂದಿರುಗಬೇಕೆಂಬ ಭಯದಲ್ಲಿ. ಹರಿಹರನ ರಗಳೆಯ ಮಹಾದೇವಿಯಕ್ಕನೂ ಅರಮನೆಯ ಹೊಸ್ತಿಲನ್ನು ದಾಟಿದವಳೇ. ಕೌಶಿಕನು ತಾನು ಒಪ್ಪಿದ ಕಟ್ಟಳೆಗಳನ್ನು ಮುರಿದ ಮೇಲೆ ಆಕೆ ಹಗಲಿನಲ್ಲಿ, ಎಲ್ಲರೂ ಕಾಣುವಂತೆ ಹೊರಟಳು, ಹಿಂದಿರುಗಲಿಲ್ಲ. ಒಲುಮೆಗಾಗಿ ಮನೆಯನ್ನು ಬಿಟ್ಟ ಹೆಣ್ಣುಗಳ ಕಥೆಯು ಹಳೆಯ ಕನ್ನಡದಲ್ಲಿ ಹೀಗೆ ಎರಡು ತುದಿಗಳಲ್ಲಿ ನಿಂತಿತು: ಒಬ್ಬಳು ಪಾಪಿ, ಒಬ್ಬಳು ಶರಣೆ. ಹೋಗಿ ಬರುವ ಸಾಮಾನ್ಯ ಹೆಣ್ಣಿನ ಒಲುಮೆಯು ಕಾವ್ಯದ ವಸ್ತುವಾಗಲು ಏಳುನೂರು ವರ್ಷಗಳು ಬೇಕಾದುವು.

ಆ ಹೆಣ್ಣು ಗದ್ಯದಲ್ಲಿ ಮೊದಲು ಕಾಣಿಸಿಕೊಂಡುದು ನಂದಳಿಕೆಯ ಲಕ್ಷ್ಮೀನಾರಣಪ್ಪನವರ ಶ್ರೀರಾಮಾಶ್ವಮೇಧದಲ್ಲಿ. ಮುದ್ದಣನೆಂಬ ಹೆಸರನ್ನು ಇಟ್ಟುಕೊಂಡು ಬರೆದ ಇವರು ಬಡತನದಲ್ಲಿ ಬದುಕಿ, ೧೯೦೧ರಲ್ಲಿ ಮೂವತ್ತೊಂದರ ವಯಸ್ಸಿನಲ್ಲಿ ಕ್ಷಯದಿಂದ ತೀರಿಕೊಂಡರು. ಮನೋರಮೆಯು ಕಥೆ ಕೇಳುವ ಹೆಂಡತಿ ಮಾತ್ರವಲ್ಲ. ಗಂಡನ ಸಂಸ್ಕೃತದ ಬಿಂಕವನ್ನು ಕಂಡು ನಗುವವಳು, ಪದ್ಯ ಬೇಡ ಗದ್ಯದಲ್ಲಿ ಹೇಳೆಂದು ಅಪ್ಪಣೆ ಮಾಡುವವಳು, ಮೆಚ್ಚದಿದ್ದರೆ ಮೆಚ್ಚಲಿಲ್ಲವೆಂದು ಹೇಳುವವಳು. ಸೀತಾಪರಿತ್ಯಾಗದ ಕಥೆಯನ್ನು ಒಬ್ಬ ಗಂಡನು ತನ್ನ ಹೆಂಡತಿಗೇ ಹೇಳಬೇಕಾಗಿ ಬಂದುದರಲ್ಲಿರುವ ಇರಿಸುಮುರಿಸನ್ನು ಮುದ್ದಣನು ಬಲ್ಲನು. ಇಲ್ಲಿ ಹೆಂಡತಿಯು ಎಚ್ಚರವಾಗಿಯೇ ಇರುವಳು.

ಅಲ್ಲಿಂದ ಮುಂದೆ ಕಾಲು ನಡೆದುದು ಬೇಗ. ಬಿ. ಎಂ. ಶ್ರೀಕಂಠಯ್ಯನವರ ಇಂಗ್ಲಿಷ್ ಗೀತಗಳು ೧೯೨೬ರಲ್ಲಿ ಪುಸ್ತಕವಾಗಿ ಹೊಸ ಛಂದಸ್ಸಿಗೆ ದಾರಿ ತೆರೆದುವು, ೧೯೩೨ರಲ್ಲಿ ತೀ. ನಂ. ಶ್ರೀಕಂಠಯ್ಯನವರ ಒಲುಮೆ ಬಂದಿತು. ಒಂದು ಸಂಗ್ರಹವನ್ನೇ ಪ್ರೇಮಕ್ಕೆ ಮುಡಿಪು ಮಾಡಿ, ಹೆಸರಿಡುವಾಗಲೂ ಸಂಸ್ಕೃತದ ಪ್ರೇಮವನ್ನು ಬಿಟ್ಟು ಕನ್ನಡದ ಮಾತನ್ನೇ ಆರಿಸಿದುದು ಗಮನಾರ್ಹ. ಈ ಕವಿಯೇ ಮುಂದೆ ೧೯೫೩ರಲ್ಲಿ ಭಾರತೀಯ ಕಾವ್ಯಮೀಮಾಂಸೆಯನ್ನು ಬರೆದು ರತಿ, ರಸ, ರಸಾಭಾಸಗಳನ್ನು ಕನ್ನಡಿಗರಿಗೆ ತಿಳಿಯಪಡಿಸಿದರು. ಮೊದಲು ಒಲಿದು ಆಮೇಲೆ ಲಕ್ಷಣ ಹೇಳಿದ ಈ ಕ್ರಮವು ಆಲಂಕಾರಿಕರಲ್ಲಿ ಅಪರೂಪವೇ ಸರಿ.

ಬೇಂದ್ರೆಯವರ ಸಖೀಗೀತ (೧೯೩೭) ಬೇರೊಂದು ಜಾತಿಯದು. ತಮ್ಮ ಸ್ವಂತ ಸಂಸಾರದ ನೋವುನಲಿವುಗಳನ್ನು ಸಖಿಯೊಡನೆ ನೆನೆಯುತ್ತ ಹೋಗುವ ಈ ಕಾವ್ಯದಲ್ಲಿ ನಾಯಕನೂ ಇಲ್ಲ, ನಾಯಿಕೆಯೂ ಇಲ್ಲ. ಒಂದೇ ನೊಗಕ್ಕೆ ಕಟ್ಟಿದ ಇಬ್ಬರಿರುವರು. ಮಗುವಿನ ಸಾವಿನ ಹೊತ್ತಿನಲ್ಲಿ ಹೆಂಡತಿಯ ನೋಟವನ್ನು ಎದುರಿಸಲಾರದ ಗಂಡನನ್ನು ಅವರು ಬೇರೊಂದು ಪದ್ಯದಲ್ಲಿ ತಂದಿರುವರು. ಕನ್ನಡದ ಮನೆಮನೆಗೂ ಆ ಪದ್ಯ ತಿಳಿದಿದೆ. ಅಲ್ಲಿರುವುದು ಶೃಂಗಾರವೋ ಕರುಣವೋ ಎಂದು ಕೇಳುವವನಿಗೆ ಶಾಸ್ತ್ರ ಬಂದಿರಬಹುದು, ಸಂಸಾರ ಬಂದಿರಲಾರದು. ಅಳಲಾರದೆ ನೆಟ್ಟ ಕಣ್ಣು, ಆ ಕಣ್ಣಿನಿಂದ ತನ್ನ ಕಣ್ಣನ್ನು ತಪ್ಪಿಸಿಕೊಳ್ಳಬೇಕೆಂಬ ಬೇಡಿಕೆ. ಸುಖದುಃಖಗಳಲ್ಲಿ ಅದ್ವೈತವೆಂದು ರಾಮನು ಮಾತಿನಲ್ಲಿ ಹೇಳಿದುದನ್ನು ಇಲ್ಲಿ ಗಂಡನು ತಡೆಯಲಾರದೆ ಅನುಭವಿಸುತ್ತಿರುವನು. ಅದ್ವೈತವು ಹೃದಯಕ್ಕೆ ವಿಶ್ರಾಂತಿಯನ್ನು ಕೊಡುವುದೆಂದು ಭವಭೂತಿ ಹೇಳಿದನು. ಬೇಂದ್ರೆಯವರಲ್ಲಿ ಅದು ವಿಶ್ರಾಂತಿಗೇ ಎಡೆಗೊಡದು. ಪಾಂಡಿತ್ಯದಿಂದ ಕಟ್ಟಿದ ಲಕ್ಷಣವನ್ನು ಸ್ವಾನುಭವವು ತಿದ್ದುವುದೆಂದರೆ ಹೀಗೆ.

ಕೆ. ಎಸ್. ನರಸಿಂಹಸ್ವಾಮಿಯವರ ಮೈಸೂರ ಮಲ್ಲಿಗೆ ೧೯೪೨ರಲ್ಲಿ ಪ್ರಕಟವಾಯಿತು. ಕಿಕ್ಕೇರಿಯಲ್ಲಿ ಹುಟ್ಟಿದ ಕವಿ ತಿಪಟೂರಿನ ಕಡೆಯ ವೆಂಕಮ್ಮನವರನ್ನು ೧೯೩೬ರಲ್ಲಿ ಮದುವೆಯಾಗಿದ್ದರು. ದಾಂಪತ್ಯದ ಕವಿ, ಮಲ್ಲಿಗೆಯ ಕವಿ ಎಂದು ಅವರನ್ನು ಕರೆಯುವುದು ವಾಡಿಕೆ. ಹಾಗೆ ಕರೆದು ಸುಮ್ಮನಾಗುವುದೂ ವಾಡಿಕೆ. ಆದರೆ ಆ ಸಂಗ್ರಹವನ್ನು ಮತ್ತೊಮ್ಮೆ ಮೊದಲಿನಿಂದ ಓದಿದರೆ ಒಂದು ವಿಷಯವು ಎದ್ದು ಕಾಣುವುದು. ಗಂಡಹೆಂಡಿರು ಒಂದೇ ಮನೆಯಲ್ಲಿ ಕೂಡಿ ಕುಳಿತಿರುವ ಸುಖಕ್ಕಿಂತ, ಎರಡು ಊರುಗಳ ನಡುವಣ ದಾರಿಯೇ ಅಲ್ಲಿ ಹೆಚ್ಚಾಗಿ ಕವಿತೆಯಾಗಿದೆ. ದೂರದ ಊರಿನಿಂದ ಮಾವನ ಮನೆಗೆ ಬಂದ ಅಳಿಯನಿಗೆ ಮನೆಮಂದಿಯ ಉಪಚಾರವೆಲ್ಲ ನಡೆಯುವುದು, ಕಾಣಬೇಕಾದವಳು ಮಾತ್ರ ಕಾಣುವುದಿಲ್ಲ. ಬಳೆಗಾರನು ಹೆಂಡತಿಯ ತವರಿನಿಂದ ಗಂಡನ ಬಾಗಿಲಿಗೆ ಸುದ್ದಿಯನ್ನು ಹೊತ್ತು ಬರುವನು.

ಆ ಬಳೆಗಾರನನ್ನು ಕಾಳಿದಾಸನ ಮೇಘದ ಪಕ್ಕದಲ್ಲಿ ನಿಲ್ಲಿಸಿ ನೋಡಬೇಕು. ಮಮ್ಮಟನು ವಿಪ್ರಲಂಭಕ್ಕೆ ಐದು ಹೇತುಗಳನ್ನು ಎಣಿಸುವನು: ಅಭಿಲಾಷ, ವಿರಹ, ಈರ್ಷ್ಯೆ, ಪ್ರವಾಸ, ಶಾಪ. ಯಕ್ಷನದು ಶಾಪ. ಅವನು ರಾಮಗಿರಿಯಲ್ಲಿ, ಅವಳು ಅಲಕೆಯಲ್ಲಿ. ಹೊರಗೆ ಹೋದವನು ಗಂಡು, ಮನೆಯಲ್ಲಿ ಕಾಯುವವಳು ಹೆಣ್ಣು. ಸಂದೇಶವು ಗಂಡಿನಿಂದ ಹೆಣ್ಣಿಗೆ ಹೋಗುವುದು. ಸಂಸ್ಕೃತದ ವಿರಹಕಾವ್ಯಗಳಲ್ಲಿ ಈ ದಿಕ್ಕು ಬದಲಾಗುವುದು ವಿರಳ. ಕಾಳಿದಾಸನ ಯಕ್ಷನು ಮೋಡವನ್ನು ಕಂಡುದು ಆಷಾಢದ ಮೊದಲ ದಿನ. ಅದೇ ಆಷಾಢದಲ್ಲಿ ಕನ್ನಡನಾಡಿನ ಎಷ್ಟೋ ಮನೆಗಳಿಂದ ಹೊಸದಾಗಿ ಬಂದ ಸೊಸೆಯು ತವರಿಗೆ ಹೊರಡುವಳು! ಇಲ್ಲಿ ಶಾಪವಿಲ್ಲ, ಒಡೆಯನ ಕೋಪವಿಲ್ಲ. ಪಂಚಾಂಗವೇ ವಿಪ್ರಲಂಭವನ್ನು ತರುವುದು. ಹೊರಗೆ ಹೋದವಳು ಹೆಣ್ಣು, ಮನೆಯಲ್ಲಿ ಕಾಯುವವನು ಗಂಡು. ಬಳೆಗಾರನು ಬರುವುದು ಹೆಣ್ಣಿನ ಕಡೆಯಿಂದ ಗಂಡಿನ ಕಡೆಗೆ. ಮಮ್ಮಟನ ಐದು ಹೇತುಗಳಿಗೆ ಕನ್ನಡದ ಸಂಸಾರವು ಆರನೆಯದನ್ನು ಸೇರಿಸಿತು. ಅದರ ಹೆಸರು ತವರು. ಮೈಸೂರ ಮಲ್ಲಿಗೆಯು ಕನ್ನಡಿಗರ ಮನಸ್ಸನ್ನು ಅಷ್ಟು ಬೇಗ ಸೂರೆಗೊಂಡುದಕ್ಕೆ ಛಂದಸ್ಸಿನ ಬೆಡಗು, ಭಾಷೆಯ ನಯ ಇವುಗಳನ್ನು ಕಾರಣವಾಗಿ ಹೇಳುವರು. ಅವೂ ಇರಲಿ. ಆದರೆ ಅನುಭವಿಸುತ್ತಿದ್ದರೂ ಹೆಸರಿಲ್ಲದಿದ್ದ ಅಗಲಿಕೆಯೊಂದು ಅಲ್ಲಿ ಮೊದಲ ಬಾರಿಗೆ ನಾಗರಿಕ ಕಾವ್ಯದ ಮಾನ್ಯತೆಯನ್ನು ಪಡೆಯಿತೆಂಬುದೇ ಮುಖ್ಯವಾದುದು.

ಈ ವಿಪ್ರಲಂಭಕ್ಕೂ ಹಳೆಯದಕ್ಕೂ ಇರುವ ಭೇದವು ದಿಕ್ಕಿನದು ಮಾತ್ರವಲ್ಲ. ಯಕ್ಷಪತ್ನಿಗೆ ಗಂಡನಿಲ್ಲದ ಮನೆಯು ಬರಿದು. ತವರಿಗೆ ಹೋದವಳಿಗೆ ಮನೆಯು ಬರಿದಲ್ಲ. ಅಲ್ಲಿ ತಾಯಿಯಿರುವಳು, ತಂಗಿಯಿರುವಳು, ಬಾಲ್ಯದ ಬಾವಿಕಟ್ಟೆಯಿರುವುದು. ಗಂಡನನ್ನು ನೆನೆದು ಅವಳು ದುಃಖಿಸಿಯಾಳು, ಆದರೆ ದುಃಖದಲ್ಲಿ ಅವಳು ಒಂಟಿಯಲ್ಲ. ಕಾಯುತ್ತಿರುವ ಗಂಡನಿಗೆ ಈ ಸಂಗತಿಯು ತಿಳಿದಿರುವುದು. ತನ್ನದಲ್ಲದ, ತನಗಿಂತ ಹಳೆಯದಾದ ಒಲುಮೆಯೊಂದು ತನ್ನ ಹೆಂಡತಿಯ ಹೃದಯದಲ್ಲಿರುವುದನ್ನು ಅವನು ಒಪ್ಪಿಕೊಳ್ಳಬೇಕಾಗಿದೆ. ಒಪ್ಪುವುದು ಸುಲಭವಲ್ಲ. ಆದುದರಿಂದಲೇ ಆ ಸಂಗ್ರಹದ ಗಂಡನು ಒಂದಿರುಳು ಕನಸಿನಲ್ಲಿ ಹೆಂಡತಿಯನ್ನು ಕೇಳಿಯೇ ಬಿಡುವನು: ಹೊನ್ನೂರು ನವಿಲೂರುಗಳಲ್ಲಿ ಅವಳಿಗೆ ಯಾವುದು ಚೆಲುವೆಂದು. ಅವಳು ಆ ತಕ್ಕಡಿಯನ್ನು ಕೈಗೆ ತೆಗೆದುಕೊಳ್ಳುವುದಿಲ್ಲ. ಇಂತಹ ಪ್ರಶ್ನೆಯನ್ನೇ ಕೇಳಬಾರದೆಂದು ಗಂಡನ ಬಾಯನ್ನು ಮುಚ್ಚಿಸುವಳು. ಕನ್ನಡದ ಪ್ರೇಮಕವಿತೆಗಳಲ್ಲಿ ಇದಕ್ಕಿಂತ ಪಕ್ವವಾದ ಉತ್ತರವು ಮತ್ತೊಂದಿರಲಾರದು. ಎರಡು ಒಲುಮೆಗಳನ್ನು ಒಟ್ಟಿಗೆ ಇರಗೊಡುವುದೇ ಗಂಡನ ಒಲುಮೆಗೆ ಪರೀಕ್ಷೆಯೆಂದು ಆ ಉತ್ತರವು ಸೂಚಿಸುವುದು.

ಇಷ್ಟನ್ನು ಹೇಳಿದ ಮೇಲೆ ವಿಮರ್ಶಕನು ಇನ್ನೊಂದು ಮಾತನ್ನು ನುಂಗಿಕೊಳ್ಳುವಂತಿಲ್ಲ. ಪ್ರಶ್ನೆಯು ಗಂಡನ ಕನಸಿನಲ್ಲಿ ಹುಟ್ಟಿತು. ಉತ್ತರವೂ ಅವನ ಕನಸಿನಲ್ಲಿಯೇ ಬಂದಿತು. ಉತ್ತರರಾಮಚರಿತೆಯಲ್ಲಿ ಹೆಂಡತಿಯು ನಿದ್ರಿಸುತ್ತಿರುವಾಗ ಗಂಡನು ಪ್ರೇಮವನ್ನು ವಿವರಿಸಿದನು. ಮೈಸೂರ ಮಲ್ಲಿಗೆಯಲ್ಲಿ ಗಂಡನು ನಿದ್ರಿಸುತ್ತಿರುವಾಗ ಹೆಂಡತಿಯು ಪ್ರೇಮವನ್ನು ವಿವರಿಸುವಳು. ಇಬ್ಬರೂ ಎಚ್ಚರವಾಗಿದ್ದು ಆ ಮಾತು ನಡೆದುದು ಎಲ್ಲಿ? ಮನೋರಮೆಯ ಮಾತನ್ನು ಬರೆದವನೂ ಮುದ್ದಣನೇ ಅಲ್ಲವೆ? ಕವಿಯ ಹೃದಯವು ಎಷ್ಟೇ ಉದಾರವಾಗಿದ್ದರೂ, ಹೆಣ್ಣಿನ ಉತ್ತರವನ್ನು ಗಂಡು ಊಹಿಸಿದುದು ಊಹೆಯೇ.

ಎಚ್ಚರದಲ್ಲಿ ಹೆಣ್ಣೇ ಆಡಿದ ಮಾತು ಬೇಕೆಂದರೆ ಬೀಸುವ ಕಲ್ಲಿನ ಬಳಿಗೆ ಹೋಗಬೇಕು. ಬಿಜಾಪುರದ ಸೀಮೆಯ ಹಲಸಂಗಿಯ ಗೆಳೆಯರು ಹಳ್ಳಿಯ ಹೆಂಗಸರ ತ್ರಿಪದಿಗಳನ್ನು ಕೂಡಿಸಿ ೧೯೩೧ರಲ್ಲಿ ಗರತಿಯ ಹಾಡು ಎಂಬ ಹೆಸರಿನಿಂದ ಪ್ರಕಟಿಸಿದರು. ಮೈಸೂರ ಮಲ್ಲಿಗೆಗೆ ಹನ್ನೊಂದು ವರ್ಷ ಮೊದಲೇ ಅಚ್ಚಾದ ಈ ಪುಸ್ತಕವನ್ನು ಅದರ ಜೊತೆಯಲ್ಲಿಟ್ಟು ಓದುವವರು ಕಡಿಮೆ. ಓದಿದರೆ, ಒಂದೇ ದಾರಿಯ ಎರಡು ತುದಿಗಳಿಂದ ಇಬ್ಬರು ಹಾಡುತ್ತಿರುವಂತೆ ಕೇಳುವುದು. ಅತ್ತ ಗಂಡನು ತವರಿನ ದಾರಿಯನ್ನು ನೋಡುತ್ತ ಹೆಂಡತಿಯು ಬಂದಾಳೆಂದು ಕಾಯುವನು. ಇತ್ತ ಅವಳು ಅದೇ ದಾರಿಯನ್ನು ನೋಡುತ್ತ ಅಣ್ಣನು ಕರೆಯಲು ಬಂದಾನೆಂದು ಕಾಯುವಳು. ಪಂಚಮಿ ಬಂದಿತು, ಅಣ್ಣ ಬರಲಿಲ್ಲ. ತಾಯಿಯು ತೀರಿಹೋದ ಮೇಲೆ ತವರಿನ ನೆರಳು ಹೇಗಿರುವುದು, ಅತ್ತಿಗೆಯ ಮುಖ ಹೇಗಿರುವುದು ಎಂಬುದು ಆ ಹೆಂಗಸರಿಗೆ ದೊಡ್ಡ ಚಿಂತೆ. ಕೂಸಿನ ಮೇಲೆ, ಹೆತ್ತವಳ ಮೇಲೆ, ಒಡಹುಟ್ಟಿದವನ ಮೇಲೆ ಹರಿದಷ್ಟು ಧಾರಾಳವಾಗಿ ಗಂಡನ ಮೇಲೆ ಅವರ ಹಾಡು ಹರಿಯುವುದಿಲ್ಲ.

ಇದನ್ನು ಕಂಡು, ಗರತಿಯರಿಗೆ ಗಂಡನಲ್ಲಿ ಒಲುಮೆಯಿರಲಿಲ್ಲವೆಂದು ತೀರ್ಮಾನಿಸುವುದು ಆತುರದ ಮಾತಾದೀತು. ಗಂಡನ ಹೆಸರನ್ನು ಬಾಯಿಬಿಟ್ಟು ಹೇಳದಿರುವುದೇ ಮರ್ಯಾದೆಯಾಗಿದ್ದ ಮನೆಗಳವು. ಬೆಳಗಿನ ಜಾವದಲ್ಲಿ ಬೀಸುತ್ತ ಹಾಡುವವಳ ದನಿಯು ಗೋಡೆಯಾಚೆ ಮಲಗಿದ ಅತ್ತೆಗೂ ಕೇಳುವುದು, ಗಂಡನಿಗೂ ಕೇಳುವುದು. ಕೇಳಲೆಂದೇ ಹಾಡಿದ ಹಾಡುಗಳೂ ಅವುಗಳಲ್ಲಿದ್ದಿರಬೇಕು. ತವರನ್ನು ಹೊಗಳುವುದೆಂದರೆ ಈ ಮನೆಯಲ್ಲಿ ಏನು ಕೊರತೆಯೆಂಬುದನ್ನು ಮೆಲ್ಲನೆ ತಿಳಿಸುವುದೂ ಆಗುವುದು. ಧ್ವನಿಯೆಂದರೆ ಆನಂದವರ್ಧನನು ಹೇಳಿದುದು ಇದನ್ನೇ. ಆ ಹೆಂಗಸರಿಗೆ ಧ್ವನ್ಯಾಲೋಕದ ಹೆಸರು ತಿಳಿಯಬೇಕಾಗಿರಲಿಲ್ಲ. ಇಷ್ಟಾದರೂ, ಒಲುಮೆಯೆಂಬ ಮಾತಿಗೆ ಗಂಡಹೆಂಡಿರ ಒಲುಮೆಯನ್ನೇ ಮುಖ್ಯಾರ್ಥವಾಗಿ ಹಿಡಿದ ಆಲಂಕಾರಿಕರ ಪಟ್ಟಿಯು ಈ ಹಾಡುಗಳ ಮುಂದೆ ನಿಲ್ಲಲಾರದು. ಅಣ್ಣನಿಗಾಗಿ ಹೊಸ್ತಿಲಲ್ಲಿ ನಿಂತು ಕಾಯುವ ತಂಗಿಯ ಅಗಲಿಕೆಯು ಬರಿಯ ಭಾವವೆಂದೂ, ಯಕ್ಷನ ಅಗಲಿಕೆಯು ರಸವೆಂದೂ ಹೇಳಲು ಯಾವ ಪ್ರಮಾಣವಿದೆ?

ತವರಿನ ಈ ಒಲುಮೆಯು ಇಂದು ಬೇರೊಂದು ಪರೀಕ್ಷೆಗೆ ಒಳಗಾಗಿದೆ. ಅದನ್ನು ಕಾಣಲು ಹಲಸಂಗಿಯವರೆಗೆ ಹೋಗಬೇಕಾಗಿಲ್ಲ. ಬೆಂಗಳೂರಿನ ಉತ್ತರದಲ್ಲಿ, ಜಾಲಹಳ್ಳಿಯ ಆಚೆ ಇರುವ ಶೆಟ್ಟಿಹಳ್ಳಿಯಂತಹ ಊರನ್ನು ನೋಡಿದರೆ ಸಾಕು. ನಗರದ ಒಡಲಿಗೆ ಸೇರಿಹೋದ ಇಂತಹ ಹಳ್ಳಿಗಳಲ್ಲಿ ಹೊಲಗಳು ನಿವೇಶನಗಳಾದುವು, ನಿವೇಶನಗಳು ಮಾಳಿಗೆಗಳಾದುವು. ತುಮಕೂರು, ಹಾಸನ, ಮಂಡ್ಯದ ಕಡೆಗಳಿಂದ ಬಂದು ನೆಲೆಸಿದ ಸಂಸಾರಗಳಿಗೆ ತವರೆಂಬುದು ಒಂದು ಹಗಲಿನೊಳಗೆ ಹೋಗಿ ಬರುವ ದೂರ. ದೂರವಾಣಿಯಲ್ಲಂತೂ ಕ್ಷಣಮಾತ್ರದ ದೂರ. ಬೆಳಗ್ಗೆ ಸಾರಿಗೆ ಎಷ್ಟು ಹುಳಿ ಹಾಕಬೇಕೆಂದು ತಾಯಿಯನ್ನು ಕೇಳಿ ಒಗ್ಗರಣೆ ಹಾಕುವ ಮಗಳಿಗೆ ಬಳೆಗಾರನ ಅವಶ್ಯಕತೆಯಿಲ್ಲ. ವಿಪ್ರಲಂಭದ ಆರನೆಯ ಹೇತುವು ಹೀಗೆ ಬಹುಮಟ್ಟಿಗೆ ತೀರಿಹೋಯಿತು. ಇದಕ್ಕಾಗಿ ಮರುಗುವ ಕವಿಗಳುಂಟು, ಮರುಗಬೇಕಾದುದೇನೂ ಇಲ್ಲ. ಗಂಡನು ಕಳುಹಿಸಿಯಾನೆ, ಅಣ್ಣನು ಬಂದಾನೆ ಎಂದು ಹೆಣ್ಣು ಕಾಯಬೇಕಾಗಿದ್ದ ಸ್ಥಿತಿಯು ಕವಿತೆಗೆ ಒಳ್ಳೆಯದಾಗಿದ್ದಿತು, ಹೆಣ್ಣಿಗೆ ಒಳ್ಳೆಯದಾಗಿರಲಿಲ್ಲ.

ಹೊಸ ಪರೀಕ್ಷೆಯು ಬಂದುದು ಬೇರೆ ಬಾಗಿಲಿನಿಂದ. ಕರ್ನಾಟಕದಲ್ಲಿ ೧೯೯೪ರಲ್ಲಿ ಜಾರಿಗೆ ಬಂದ ತಿದ್ದುಪಡಿಯೂ, ೨೦೦೫ರಲ್ಲಿ ಕೇಂದ್ರಸರ್ಕಾರವು ತಂದ ತಿದ್ದುಪಡಿಯೂ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಮಗಳಿಗೂ ಹುಟ್ಟಿನಿಂದಲೇ ಪಾಲನ್ನು ಕೊಟ್ಟುವು. ೧೯೯೪ರದು ಅದಕ್ಕೆ ಮೊದಲೇ ಮದುವೆಯಾಗಿದ್ದ ಹೆಣ್ಣುಮಕ್ಕಳನ್ನು ಬಿಟ್ಟಿತ್ತು. ೨೦೦೫ರದು ಅವರನ್ನೂ ಸೇರಿಸಿತು. ತಂದೆಯು ೨೦೦೫ರಲ್ಲಿ ಬದುಕಿದ್ದಿರಲೇಬೇಕೆ ಎಂಬ ಸಂದೇಹವನ್ನು ಸುಪ್ರೀಂ ಕೋರ್ಟು ೨೦೨೦ರಲ್ಲಿ ಪರಿಹರಿಸಿ, ಬೇಕಾಗಿಲ್ಲವೆಂದು ತೀರ್ಪಿತ್ತಿತು. ರಾಗಿ ಬೆಳೆಯುವ ಹೊಲದಲ್ಲಿ ಪಾಲೆಂದರೆ ಒಂದು ಮಾತು. ಅಡಿಯ ಲೆಕ್ಕದಲ್ಲಿ ಮಾರುವ ನೆಲದಲ್ಲಿ ಪಾಲೆಂದರೆ ಮತ್ತೊಂದು. ಗರತಿಯು ಕಾಯುತ್ತಿದ್ದ ಅಣ್ಣನು ಈಗ ತಪ್ಪದೆ ಬರುವನು. ಸೀರೆ, ಹೂವು, ಹಣ್ಣು, ಅರಿಸಿನಕುಂಕುಮಗಳೊಡನೆ ಬರುವನು. ಅವುಗಳ ಜೊತೆಯಲ್ಲಿ ಹಕ್ಕು ಖುಲಾಸೆ ಪತ್ರವೂ ಇರುವುದು.

ಸಹಿ ಹಾಕಿದವಳಿಗೆ ತವರಿನ ಬಾಗಿಲು ತೆರೆದಿರುವುದೆಂದೂ, ಹಾಕದವಳಿಗೆ ಮುಚ್ಚುವುದೆಂದೂ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳದೆಯೇ ತಿಳಿಯುವುದು. ಪಾಲನ್ನು ಬಿಟ್ಟುಕೊಡುವುದೇ ಒಡಹುಟ್ಟಿದವರ ಒಲುಮೆಯ ಲಕ್ಷಣವೆಂಬ ಈ ಹೊಸ ವ್ಯಾಖ್ಯೆಯನ್ನು ತಾರ್ಕಿಕನ ಮುಂದೆ ಇಟ್ಟರೆ ಅವನು ಒಡನೆಯೇ ತಳ್ಳಿಹಾಕಿಯಾನು. ಹೆದರಿ ಸಹಿ ಹಾಕಿದವಳಲ್ಲಿ ಅತಿವ್ಯಾಪ್ತಿ. ಅಣ್ಣನಲ್ಲಿ ಪ್ರಾಣವಿಟ್ಟುಕೊಂಡೂ, ತನ್ನ ಮಕ್ಕಳ ಓದನ್ನು ನೆನೆದು ಪಾಲು ಕೇಳಿದವಳಲ್ಲಿ ಅವ್ಯಾಪ್ತಿ. ಕೇಳಿದವಳನ್ನು ಊರವರು ಆಸೆಬುರುಕಿಯೆನ್ನುವರು; ಸಮಪಾಲನ್ನು ಕೊಡದೆ ಸೀರೆಯನ್ನು ಕೊಟ್ಟ ಅಣ್ಣನಿಗೆ ಅಂತಹ ಹೆಸರೊಂದನ್ನು ಭಾಷೆಯು ಇನ್ನೂ ಕಟ್ಟಿಲ್ಲ. ತಾನಾಗಿ ಕರೆದು ಪಾಲು ಕೊಟ್ಟ ಅಣ್ಣಂದಿರೂ, ಸಂತೋಷದಿಂದಲೇ ಬಿಟ್ಟುಕೊಟ್ಟ ತಂಗಿಯರೂ ಇಲ್ಲದಿಲ್ಲ. ಅಂತಹವರ ನಡುವೆ ಪತ್ರವು ಒಂದು ಕಾಗದ ಮಾತ್ರ.

ಯಾಜ್ಞವಲ್ಕ್ಯನು ಪಾಲಿನ ಮಾತೆತ್ತಿದಾಗ ಮೈತ್ರೇಯಿಯು ಸಂಪತ್ತು ಬೇಡವೆಂದಳು, ಆ ನಿರಾಕರಣೆಯನ್ನು ಉಪನಿಷತ್ತು ಕೊಂಡಾಡಿತು. ಅಲ್ಲಿ ಕೊಡುವವನು ಕೊಡುವೆನೆಂದು ಮೊದಲು ಹೇಳಿದ್ದನೆಂಬುದು ಮರೆಯತಕ್ಕ ಸಂಗತಿಯಲ್ಲ. ಕಾತ್ಯಾಯನಿಯು ತನ್ನ ಪಾಲನ್ನು ಬೇಡವೆಂದಳೆಂದು ಉಪನಿಷತ್ತು ಎಲ್ಲಿಯೂ ಹೇಳಿಲ್ಲ. ಅದಕ್ಕಾಗಿ ಅವಳನ್ನು ಜರಿದೂ ಇಲ್ಲ.

ಪತ್ರ ಬರಹಗಾರರು ಇಂತಹ ಪತ್ರಗಳಲ್ಲಿ ಬಳಸುವ ಒಕ್ಕಣೆಯೊಂದುಂಟು. ಬಿಟ್ಟುಕೊಡುವವಳು ಪ್ರೀತಿ ವಿಶ್ವಾಸಗಳಿಂದ, ಯಾರ ಒತ್ತಾಯವೂ ಇಲ್ಲದೆ ತನ್ನ ಹಕ್ಕನ್ನು ಬಿಡುತ್ತಿರುವಳೆಂದು ಅಲ್ಲಿ ಬರೆಯುವರು. ಪ್ರೀತಿಯೆಂಬ ಮಾತಿಗೆ ಮುದ್ರಾಂಕವು ಬೀಳುವ ಸ್ಥಳವಿದೊಂದೇ ಇರಬಹುದು. ಆ ವಾಕ್ಯವನ್ನು ಅವಳು ರಚಿಸಿರುವುದಿಲ್ಲ, ಅಣ್ಣನೂ ರಚಿಸಿರುವುದಿಲ್ಲ, ಅದು ಹಳೆಯ ಪತ್ರಗಳಿಂದ ಹೊಸ ಪತ್ರಗಳಿಗೆ ಹಾಗೆಯೇ ಇಳಿದು ಬಂದುದು. ಸಹಿಗೆ ಮೊದಲು ಪತ್ರವನ್ನು ಸಂಬಂಧಪಟ್ಟವರಿಗೆ ಓದಿಹೇಳಬೇಕು. ಎಷ್ಟೋ ಕಡೆಗಳಲ್ಲಿ ಅವಸರದಿಂದ ಪುಟಗಳನ್ನು ತಿರುವಿ, ಸಹಿಯ ಜಾಗವನ್ನು ಮಾತ್ರ ಬೆರಳಿನಿಂದ ತೋರಿಸುವರು.